ಕಲ್ಲಿನ ಮಗುವಿಗೆ ಕೆಂಪು ಕುಲಾವಿ

ಬಾಳೂರು
3 ಫೆಬ್ರುವರಿ 2025

ಪ್ರೀತಿಯ ಫಾಯಿಜಾ,

ಕಾಗದ ಕಂಡು ಗಾಬರಿಯಾಗಬೇಡ, ಎಲ್ಲರೂ ನೆಟ್ಟಗಿದ್ದೇವೆ. ದೇವೇಂದ್ರ ನನ್ನ ಫೋನು ಕಸಿದು ಎಸ್ಟೇಟ್ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಮಗಳು ಹುಟ್ಟಿ ತಿಂಗಳಾಯಿತು. ಅವಳು ಮಲಗಿದಾಗಲೆಲ್ಲ ನಾನು ಫೋನು ಹಿಡಿದು, ಮಲಗಿದ ಕೂಸಿನ ಉಸಿರು ಯಾಕೆ ನಿಲ್ಲುತ್ತದೆ ಎಂದು ಹುಡುಕುತ್ತಿದ್ದೆ. ಮೂಡಿಗೆರೆಯ ಡಾಕ್ಟರು ಮಗು ಗಟ್ಟಿಯಾಗಿದೆ, ನೀವು ಫೋನು ಬಿಟ್ಟು ನಿದ್ದೆ ಮಾಡಿ ಅಂದರು. ಫೋನು ಬಿಟ್ಟೆ, ನಿದ್ದೆ ಬರಲಿಲ್ಲ. ಎಂ.ಎ. ಮಾಡಿದವಳು ಮಗುವಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿರುತ್ತೇನೆ, ನೋಡು.

ಹಾಗೆ ಕೂತಾಗ ಕಣ್ಣೆದುರು ಬರುವುದು ಹೋದ ಏಪ್ರಿಲ್. ನೀನು ಟಿಕೆಟ್ ಕಳಿಸಿ, ಹತ್ತು ದಿನ ಬಂದು ನನ್ನ ಜೊತೆ ಇರು ಅಂದಾಗ ಇಲ್ಲಿ ಎಷ್ಟು ಮಾತಾಯಿತು ಗೊತ್ತಲ್ಲ. ಮದುವೆಯಾಗಿ ನಾಲ್ಕು ವರ್ಷ, ಮಡಿಲು ಖಾಲಿ, ಗಂಡನನ್ನು ಬಿಟ್ಟು ಒಬ್ಬಳೇ ಜಪಾನಿಗೆ ಹೊರಟಿದ್ದಾಳೆ ಎಂದು ದೇವೇಂದ್ರನ ಚಿಕ್ಕಮ್ಮಂದಿರು ಆಡಿಕೊಂಡರು. ಅತ್ತೆ ಅಂಜನಮ್ಮ ಮಾತ್ರ, ಅವಳ ಸ್ನೇಹಿತೆ ಕರೆದಿದ್ದಾಳೆ, ನಿಮ್ಮನ್ನಲ್ಲವಲ್ಲ, ಎಂದು ಬಾಯಿ ಮುಚ್ಚಿಸಿದ್ದರು.

ತೊಯಾಮಾದ ಆ ಕಾಲುವೆ ದಂಡೆ ನೆನಪಿದೆಯಾ? ಎದುರಿಗೆ ಹಳದಿ ಸಾಸಿವೆ ಹೂ, ಅದರಾಚೆ ಟುಲಿಪ್ ಸಾಲು, ಮೇಲೆ ಚೆರ್ರಿ, ಎಲ್ಲದರ ಹಿಂದೆ ಹಿಮ ಹೊದ್ದ ಬೆಟ್ಟ. ನನಗೆ ನಗು ಬಂದಿತ್ತು, ಯಾರೋ ಕ್ಯಾಲೆಂಡರ್ ತೂಗುಹಾಕಿದ ಹಾಗಿತ್ತು. ಮರದಡಿ ನೀಲಿ ಚಾಪೆ ಹಾಸಿ, ಚಪ್ಪಲಿಗಳನ್ನು ಅಂಚಿಗೆ ಸಾಲಾಗಿ ಬಿಟ್ಟು, ಜನ ಸುಮ್ಮನೆ ಹೂವಿನ ಕೆಳಗೆ ಕೂತಿದ್ದರು. ನಮ್ಮಲ್ಲಿ ಕಾಫಿ ಹೂ ಬಿಟ್ಟರೆ ಯಾರು ಕೂರುತ್ತಾರೆ? ಈ ಸಲ ಇಷ್ಟು ಮೂಟೆ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ನಿನ್ನ ಪಕ್ಕದ ಮನೆಯ ಸಾತೊ ಅಜ್ಜಿ ಚೆರ್ರಿ ಎಲೆಯಲ್ಲಿ ಸುತ್ತಿದ ಸಿಹಿ ಕೊಟ್ಟಾಗ ನಾನು ಅರಿಶಿನದೆಲೆ ಕಡುಬು ಬಿಚ್ಚುವ ಹಾಗೆ ಎಲೆ ಬಿಚ್ಚಿ ಪಕ್ಕಕ್ಕಿಟ್ಟೆ. ಅವರು ಆ ಎಲೆಯನ್ನೇ ನೋಡುತ್ತಿದ್ದರು. ಅದನ್ನೂ ತಿನ್ನಬೇಕು ಮಾರಾಯ್ತಿ ಎಂದು ನೀನು ನನ್ನ ತೊಡೆ ಚಿವುಟಿದ್ದೆ.

ಈಗ ನಿನಗೂ ಹೇಳದ ಒಂದು ಮಾತು ಹೇಳುತ್ತೇನೆ. ಕೊನೆಯ ದಿನ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆಯಲ್ಲ. ನೀನು ಕೆಳಗೆ ಮೆಟ್ಟಿಲ ಮೇಲೆ ಕೂತೆ, ನಾನು ಮೇಲೆ ಹತ್ತಿದೆ. ಅಲ್ಲಿ ಸಾಲುಸಾಲಾಗಿ ಮೊಣಕಾಲೆತ್ತರದ ಕಲ್ಲಿನ ಮಕ್ಕಳು. ತಲೆಗೆ ಕೆಂಪು ಕುಲಾವಿ, ಎದೆಗೆ ಜೊಲ್ಲುಬಟ್ಟೆ, ಕಾಲ ಬಳಿ ಗಿರಗಿಟ್ಟಲೆ, ಆಟಿಕೆ. ನೋಡಿದ ಕೂಡಲೇ ತಿಳಿಯಿತು, ಮಕ್ಕಳಾಗದವರು ಹರಕೆ ಹೊರುವ ಜಾಗ ಇದು ಎಂದು. ನಮ್ಮ ಕಡೆ ದೇವಸ್ಥಾನದ ಮರಕ್ಕೂ ದರ್ಗಾದ ಮರಕ್ಕೂ ಪುಟ್ಟ ತೊಟ್ಟಿಲು ಕಟ್ಟುವುದಿಲ್ಲವೇ, ಹಾಗೆ. ಒಂದು ಕಲ್ಲುಮಗುವಿನ ತಲೆ ಬರಿದಾಗಿತ್ತು. ಅದರ ಕಾಲ ಬಳಿ ಆಟಿಕೆ ಜೀಪು, ನಮ್ಮ ಬಾಳೂರು ರೋಡಿನಲ್ಲಿ ಆಳುಗಳನ್ನು ತುಂಬಿಕೊಂಡು ಓಡಾಡುತ್ತದಲ್ಲ, ಅಂಥದ್ದೇ. ಇದು ನಮ್ಮೂರ ಮಗು ಅನ್ನಿಸಿಬಿಟ್ಟಿತು. ಕೊರಳಿನ ಮಫ್ಲರು ಬಿಚ್ಚಿ ಅದಕ್ಕೆ ಹೊದಿಸಿ, ನನಗೊಂದು ಕೊಡು, ನನ್ನ ಮಗುವಿಗಿಂತ ಮೊದಲು ನಿನಗೆ ಕುಲಾವಿ ಹೆಣೆಯುತ್ತೇನೆ ಎಂದು ಬೇಡಿಕೊಂಡೆ. ಆಮೇಲೆ ನೀನು ಹತ್ತಿ ಬಂದು ಅದರ ಪಕ್ಕದಲ್ಲೇ ನನ್ನ ಫೋಟೋ ತೆಗೆದೆ.

ಊರಿಗೆ ಬಂದ ಮುಂದಿನ ತಿಂಗಳೇ ನಿಂತಿತು. ಇದಕ್ಕಿಂತ ಏನು ಬೇಕು?

ಇದರ ಜೊತೆ ಕುಲಾವಿ ಇಟ್ಟಿದ್ದೇನೆ. ಅದೇ ನೂಲಿನಲ್ಲಿ ಮಗಳಿಗೂ ಹೆಣೆದೆ, ಫೋಟೋ ನೋಡು. ಜೀಪಿನ ಮಗುವಿಗೆ ನೀನೇ ಹೋಗಿ ತೊಡಿಸಬೇಕು. ಹರಕೆ ಬಾಕಿ ಇರುವುದಕ್ಕೇ ನನಗೆ ನಿದ್ದೆ ಬರುತ್ತಿಲ್ಲವೇನೋ.

ನಿನ್ನ
ರಂಜಿತಾ


ತೊಯಾಮಾ
27 ಫೆಬ್ರುವರಿ 2025

ರಂಜಿ,

ಕಾಗದ, ಫೋಟೋ, ಕುಲಾವಿ ಮೂರೂ ಸಿಕ್ಕವು. ಮಗಳ ಹಣೆ ನಿನ್ನದೇ. ಮೂಗು ಸದ್ಯ ದೇವೇಂದ್ರಣ್ಣನದಲ್ಲ.

ಇಲ್ಲಿ ಹಿಮ ಇನ್ನೂ ಬಿಟ್ಟಿಲ್ಲ. ಉಬೈದ್‌ಗೆ ಯಾರ್ಡಿನಲ್ಲಿ ಕೆಲಸ ಜಾಸ್ತಿ, ಹಳೇ ಗಾಡಿಗಳನ್ನು ಹಡಗಿಗೆ ಹಾಕುವ ಸಮಯ. ಸಾತೊ ಅಜ್ಜಿ ನಿನ್ನನ್ನು ಎಲೆ ತಿನ್ನದ ಹುಡುಗಿ ಎಂದು ಕೇಳುತ್ತಿರುತ್ತಾರೆ.

ಕುಲಾವಿ ಮನೆಯಲ್ಲೇ ಇಟ್ಟಿದ್ದೇನೆ. ಗುಡ್ಡಕ್ಕೆ ಹೋಗಲಾಗಲಿಲ್ಲ. ನೀನು ಮಗಳಿಗೆ ಆ ಕೆಂಪು ಕುಲಾವಿ ಹಾಕಬೇಡ, ಬೇರೆ ಬಣ್ಣದ್ದು ಹೆಣಿ. ಹಳದಿ ಚೆನ್ನಾಗಿ ಕಾಣುತ್ತದೆ.

ಹೆಚ್ಚು ಬರೆಯಲು ಆಗುತ್ತಿಲ್ಲ. ನಿದ್ದೆ ಮಾಡು.

ಫಾಯಿಜಾ


ಬಾಳೂರು
17 ಮಾರ್ಚ್ 2025

ಫಾಯಿಜಾ,

ಹಾಕಬೇಡ ಎಂದರೆ ಏನರ್ಥ?

ನಿನ್ನ ಕಾಗದ ಬಂದಾಗ ಮಗಳು ಅದೇ ಕುಲಾವಿ ಹಾಕಿಕೊಂಡು ಅತ್ತೆಯ ಕಾಲ ಮೇಲೆ ಮಲಗಿದ್ದಳು. ಓದಿದವಳೇ ಹೋಗಿ ಕಿತ್ತೆ. ಅವಳು ಎದ್ದು ಕಿರುಚಿದಳು. ಅತ್ತೆ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಈಗ ಅದು ಕಿಟಕಿಯ ಸರಳಿಗೆ ನೇತಾಡುತ್ತಿದೆ. ಒಳಗಿಡಲು ಭಯ, ಬಿಸಾಡಲು ಇನ್ನೂ ಭಯ.

ಹೋದ ವಾರ ಕಾಫಿಯ ಹೂಮಳೆ ಬಂದಿತ್ತು. ತೋಟವೆಲ್ಲ ಬೆಳ್ಳಗಾಗಿದೆ. ವಾಸನೆಗೆ ತಲೆ ಸುತ್ತುತ್ತದೆ. ನಿನ್ನ ಕಾಗದ ಬಂದ ದಿನವೇ ಮಗಳಿಗೆ ಎದೆಯಲ್ಲಿ ಗೊರಗೊರ ಶುರುವಾಯಿತು. ದೇವೇಂದ್ರ ಎಸ್ಟೇಟ್ ಜೀಪಿನಲ್ಲಿ ಮೂಡಿಗೆರೆಗೆ ಕರೆದೊಯ್ದರು. ಡಾಕ್ಟರು ಬರೀ ನೆಗಡಿ ಅಂದರು. ನನಗೆ ಮಾತ್ರ ಒಂದೇ ಲೆಕ್ಕ, ಹರಕೆ ಸಲ್ಲಲಿಲ್ಲ, ಕೊಟ್ಟವರು ವಾಪಸ್ ಕೇಳುತ್ತಿದ್ದಾರೆ ಎಂದು. ಕಾಲೇಜಿನಲ್ಲಿ ಇಂಥ ಮಾತಿಗೆ ನಾವಿಬ್ಬರೂ ಕೂತು ನಗುತ್ತಿದ್ದೆವಲ್ಲ. ಆ ರಂಜಿತಾ ಎಲ್ಲಿಗೆ ಹೋದಳೋ ತಿಳಿಯದು.

ಕಲ್ಲಿಗೆ ತೊಡಿಸುವುದು ನಿಮ್ಮಲ್ಲಿ ಸಲ್ಲದು, ಉಬೈದ್ ಬೇಡ ಅಂದಿರಬಹುದು, ಅದನ್ನು ನಾನು ಮೊದಲೇ ಯೋಚಿಸಬೇಕಿತ್ತು. ಹಾಗಿದ್ದರೆ ಹೇಳು, ಬೇಜಾರಿಲ್ಲ. ಸಾತೊ ಅಜ್ಜಿಯ ಕೈಗೆ ಕೊಡು, ಅವರು ತೊಡಿಸಲಿ. ಅದಲ್ಲ, ಬೇರೇನೋ ಇದೆ ಎಂದಾದರೆ ಪೂರ್ತಿ ಹೇಳು. ಅರ್ಧ ಹೇಳಿದರೆ ಉಳಿದರ್ಧವನ್ನು ನಾನು ಕಟ್ಟಿಕೊಳ್ಳುತ್ತೇನೆ, ನಾನು ಕಟ್ಟಿಕೊಳ್ಳುವುದು ಯಾವಾಗಲೂ ಕೆಟ್ಟದ್ದೇ.

ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ನೀನೂ ಹಾಗೇ ಹಾಕು.

ರಂಜಿತಾ


ತೊಯಾಮಾ
6 ಏಪ್ರಿಲ್ 2025

ರಂಜಿ,

ದೇವೇಂದ್ರಣ್ಣನ ನಂಬರು ನನ್ನಲ್ಲಿದೆ. ಫೋನು ಮಾಡಲು ಕೂತು ಕೂತು ಎದ್ದೆ. ಬಾಯಲ್ಲಿ ಬರುವುದಿಲ್ಲ.

ಮೊದಲು ನಿನ್ನ ಮಗಳ ಮಾತು. ಅವಳಿಗೆ ಯಾವ ಕೇಡೂ ಇಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿ ಮುಂದೆ ಹೋಗು.

ಅದು ಮಗು ಬೇಡುವ ಜಾಗವಲ್ಲ. ಆ ಕಲ್ಲುಗಳಿಗೆ ಜಿಜೊ ಎನ್ನುತ್ತಾರೆ, ಮಕ್ಕಳನ್ನು ಕಾಯುವ ಇಲ್ಲಿನ ದೇವರ ಹೆಸರು. ಹುಟ್ಟುವ ಮೊದಲೇ ಹೋದ, ಹುಟ್ಟಿಯೂ ಉಳಿಯದ ಮಕ್ಕಳಿಗಾಗಿ ಅಪ್ಪ ಅಮ್ಮ ಅಲ್ಲಿ ಇಡಿಸುವುದು. ಆತ ಆ ಮಕ್ಕಳನ್ನು ತನ್ನ ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡು ಆಚೆ ದಡಕ್ಕೆ ಮುಟ್ಟಿಸುತ್ತಾನೆ ಎಂದು ಇಲ್ಲಿಯವರ ನಂಬಿಕೆ. ಮಕ್ಕಳಿಗೆ ಚಳಿಯಾಗದಿರಲಿ ಎಂದು ಕುಲಾವಿ.

ಜೀಪಿನ ಕಲ್ಲು ನನ್ನದು.

ನೀನು ಬರುವ ಹಿಂದಿನ ನವೆಂಬರಿನಲ್ಲಿ ಹೋದ. ಗಂಡು. ಏಳು ತಿಂಗಳು ತುಂಬಲಿ, ಆಮೇಲೆ ಊರಿಗೆ ಹೇಳೋಣ ಎಂದುಕೊಂಡಿದ್ದೆವು. ಆರು ಮುಗಿಯುತ್ತಿದ್ದಂತೆ ಒಳಗೆ ಸುಮ್ಮನಾದ. ಆ ವಾರವೇ ಉಮ್ಮನಿಗೆ ಮಂಗಳೂರಿನಲ್ಲಿ ಹೃದಯದ ಆಪರೇಷನ್. ಹೇಗೆ ಹೇಳಲಿ? ಆಮೇಲೆ ಹೇಳೋಣ ಎಂದು ಬಿಟ್ಟದ್ದು, ಆಮೇಲೆ ಬರಲೇ ಇಲ್ಲ. ಈ ದೇಶದಲ್ಲಿ ಸುಡುವುದೇ ರೂಢಿ. ನಮ್ಮವರಿಗೆ ಮಣ್ಣು ಸಿಗುವ ಜಾಗ ಬಹಳ ದೂರ. ಉಬೈದ್ ಯಾರ್ಡಿನ ವ್ಯಾನಿನಲ್ಲಿ ಕರೆದುಕೊಂಡು ಹೋದ. ನಾನು ಆಸ್ಪತ್ರೆಯಲ್ಲಿದ್ದೆ. ಆ ಮಣ್ಣನ್ನು ನಾನಿನ್ನೂ ನೋಡಿಲ್ಲ.

ಸಾತೊ ಅಜ್ಜಿ ನನ್ನನ್ನು ಕೇಳದೆ ಆ ಕಲ್ಲು ಇಡಿಸಿದರು. ಇದು ನಮ್ಮಲ್ಲಿ ಸಲ್ಲದು ಎಂದು ಹೇಳಿಬರಲು ಗುಡ್ಡ ಹತ್ತಿದವಳು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇವತ್ತಿನವರೆಗೂ ಕೈಮುಗಿದಿಲ್ಲ. ಕೂತು ಬರುತ್ತೇನೆ, ಅಷ್ಟೇ. ಉಬೈದ್ ಆ ವಿಷಯ ಎತ್ತುವುದೇ ಇಲ್ಲ. ಆದರೆ ಒಂದು ದಿನ ಹೋಗಿ ನೋಡಿದರೆ ಅಲ್ಲಿ ಜೀಪು ಇತ್ತು.

ಆಮೇಲೆ ವಸಂತ ಬಂತು. ಊರೆಲ್ಲ ಚಾಪೆ ಹಿಡಿದು ಹೊರಗೆ ಬರುತ್ತದೆ, ಎಲ್ಲರ ತೊಡೆಯ ಮೇಲೂ ಮಕ್ಕಳು. ಒಬ್ಬಳೇ ಇರಲಾರೆ ಅನ್ನಿಸಿತು. ಅದಕ್ಕೇ ನಿನಗೆ ಟಿಕೆಟ್ ಕಳಿಸಿದ್ದು. ಬಂದ ಮೊದಲ ದಿನ ಹೇಳೋಣ ಎಂದಿದ್ದೆ. ನೀನು ಪ್ರತಿ ಹೂವಿಗೂ ಕೂಗುತ್ತಿದ್ದೆ, ಪ್ರತಿ ಅಂಗಡಿಯಲ್ಲೂ ತಲೆಬಾಗಿ ಬಾಗಿ ನಗಿಸುತ್ತಿದ್ದೆ. ಆ ಖುಷಿಗೆ ಕಲ್ಲು ಹಾಕಲು ಮನಸ್ಸಾಗಲಿಲ್ಲ. ಕೊನೆಯ ದಿನ ಗುಡ್ಡಕ್ಕೆ ಕರೆದೊಯ್ದದ್ದು ಅಲ್ಲಿ ಹೇಳಲೆಂದೇ.

ನೀನು ಮೇಲೆ ಹೋದೆ. ನಾನು ಕೆಳಗಿನಿಂದ ನೋಡುತ್ತಿದ್ದೆ. ಅಷ್ಟೊಂದು ಕಲ್ಲುಗಳ ನಡುವೆ ನೀನು ನೇರವಾಗಿ ನನ್ನದರ ಮುಂದೆ ನಿಂತೆ. ಕೊರಳಿನ ಮಫ್ಲರು ಬಿಚ್ಚಿ ಅವನಿಗೆ ಹೊದಿಸಿದೆ. ಅಂಚನ್ನು ಕುತ್ತಿಗೆಯ ಹಿಂದೆ ಸಿಕ್ಕಿಸಿದೆ. ರಂಜಿಗೆ ತಿಳಿದುಬಿಟ್ಟಿದೆ ಎಂದುಕೊಂಡೆ. ಹೇಗೋ ತಿಳಿದಿದೆ, ಕೇಳಿ ನೋಯಿಸುವುದು ಬೇಡವೆಂದು ಹೀಗೆ ಮಾಡಿದಳು. ಈ ಒಂದು ವರ್ಷ ಅದನ್ನೇ ನೆನೆದುಕೊಂಡು ದಿನ ನೂಕಿದ್ದೇನೆ. ನನ್ನ ಮಗನಿಗೆ ನನ್ನ ಊರಿನವಳೊಬ್ಬಳು ಹೊದಿಸಿದಳು ಎಂದು.

ನಿನ್ನ ಕಾಗದ ಓದಿದಾಗ ಗೊತ್ತಾಯಿತು, ನೀನು ನಿನಗೆ ಬೇಡುತ್ತಿದ್ದೆ. ತಪ್ಪೇನಿಲ್ಲ. ನಾನೂ ಬೇಡುತ್ತಿದ್ದೆನೇನೋ. ಆದರೆ ಆ ದಿನ ಮನೆಯಲ್ಲಿ ಗೋಡೆಗೆ ಒರಗಿ ಕೂತವಳು ಉಬೈದ್ ಬರುವವರೆಗೂ ಏಳಲಿಲ್ಲ.

ಕುಲಾವಿ ನನ್ನ ಬಳಿಯೇ ಇದೆ. ಏನು ಮಾಡಲಿ, ನೀನೇ ಹೇಳು.

ಫಾಯಿಜಾ


ಬಾಳೂರು
23 ಏಪ್ರಿಲ್ 2025

ಫಾಯಿಜಾ,

ಏನು ಬರೆಯಲಿ. ನಾಲ್ಕು ಹಾಳೆ ಹರಿದೆ.

ದೇವೇಂದ್ರನ ಫೋನಿನಲ್ಲಿ ಆ ಫೋಟೋ ಹುಡುಕಿ ತೆಗೆದೆ. ಎರಡು ಬೆರಳೆತ್ತಿ ಹಲ್ಲು ಕಿರಿಯುತ್ತಿದ್ದೇನೆ. ತೆಗೆದದ್ದು ನೀನು. ಸ್ವಲ್ಪ ಎಡಕ್ಕೆ ನಿಲ್ಲು ರಂಜಿ, ಅಂದಿದ್ದೆ. ಯಾಕೆ ಅಂದೆ ಎಂದು ಇವತ್ತು ತಿಳಿಯಿತು. ನಾನು ಅವನಿಗೆ ಅಡ್ಡ ನಿಂತಿದ್ದೆ.

ಹತ್ತು ದಿನ ನಿನ್ನ ಪಕ್ಕದಲ್ಲೇ ಮಲಗಿದ್ದೆ. ನೀನು ಸಣ್ಣಗಾಗಿದ್ದೀಯ, ಜಪಾನಿನ ಊಟ ಒಳ್ಳೆಯದು ಕಣೇ ಎಂದೆ. ಹಾಗೆ ಹೇಳಿದ್ದು ನನ್ನ ಬಾಯಿ.

ಮಗಳನ್ನು ಎತ್ತಿಕೊಂಡವಳೇ ಅತ್ತೆಯ ಕೈಗೆ ಕೊಟ್ಟುಬಿಡುತ್ತೇನೆ. ಯಾರ ಮುಂದೆ ಕೈಚಾಚಿ ಇವಳನ್ನು ತಂದೆ ನಾನು. ನಿನ್ನದನ್ನು ಕೇಳಿ ತಂದ ಹಾಗೆ ಅನ್ನಿಸುತ್ತದೆ. ಇದು ಹುಚ್ಚು ಎಂದು ಗೊತ್ತು. ಗೊತ್ತಿದ್ದರೆ ನಿಲ್ಲುತ್ತದೆಯೇ?

ಇವತ್ತು ಇಷ್ಟೇ.

ರಂಜಿತಾ


ಬಾಳೂರು
29 ಏಪ್ರಿಲ್ 2025

ಪ್ರೀತಿಯ ಫಾಯಿಜಾ,

ಹಿಂದಿನ ಕಾಗದದ ಬೆನ್ನಿಗೇ ಇದೂ ಬರುತ್ತದೆ. ಇದನ್ನು ಮೊದಲು ಓದಿದರೂ ಸರಿ.

ಅತ್ತೆಗೆ ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದೆ. ನಾಲ್ಕು ದಿನದಿಂದ ನಾನು ಉಣ್ಣದೆ ಮಗುವಿಗೆ ಹಾಲು ಕಮ್ಮಿಯಾಗಿತ್ತು. ಮೊನ್ನೆ ಬೆಳಿಗ್ಗೆ ಮಗುವನ್ನು ದೇವೇಂದ್ರನ ಕೈಗೆ ಕೊಟ್ಟು, ನನ್ನನ್ನು ಅಡುಗೆಮನೆಯ ಮಣೆಯ ಮೇಲೆ ಕೂರಿಸಿ, ಹೇಳು ಅಂದರು. ಕಲ್ಲು, ಹರಕೆ, ಜೀಪು, ಕುಲಾವಿ ಎಲ್ಲ ಹೇಳಿದೆ. ಸತ್ತ ಮಗುವಿನ ಹತ್ತಿರ ಮಗು ಬೇಡಿದೆನಲ್ಲ, ಮಗಳಿಗೆ ದೋಷ ತಟ್ಟುತ್ತದೆಯೇ ಎಂದು ಕೇಳಿದೆ. ಅವರು ಬೈಯುತ್ತಾರೆ, ಇಲ್ಲವೇ ಕಳಸದ ದೇವಸ್ಥಾನಕ್ಕೆ ಹೋಗಿ ಶಾಂತಿ ಮಾಡಿಸೋಣ ಎನ್ನುತ್ತಾರೆ ಎಂದುಕೊಂಡಿದ್ದೆ.

ಅವರು ಅದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. ಕೇಳಿದ್ದು ಇಷ್ಟು:

"ಆ ಹುಡ್ಗಿಗೆ ನೀರು ಹಾಕಿದ್ದು ಯಾರು?"

ನನಗೆ ಅರ್ಥವಾಗಲಿಲ್ಲ. ಯಾವ ನೀರು ಅಂದೆ.

"ಹೆತ್ತ ಮೈ ಅಲ್ವನೆ ಅದು. ಬಿಸಿನೀರು ಹಾಕಿದ್ದು ಯಾರು, ಸೊಂಟ ಕಟ್ಟಿದ್ದು ಯಾರು, ಕಾಳುಮೆಣಸಿನ ಸಾರು ಮಾಡಿ ಕೊಟ್ಟಿದ್ದು ಯಾರು?"

ಯಾರೂ ಇಲ್ಲ, ಮಗುವೇ ಇರಲಿಲ್ಲವಲ್ಲ ಅತ್ತೆ, ಎಂದೆ. ಬರೆಯಲು ನಾಚಿಕೆಯಾಗುತ್ತದೆ, ಹಾಗೇ ಅಂದೆ.

"ಮಗು ಹೋದ್ರೆ ಬಾಣಂತಿನೂ ಹೋದ್ಲಾ?" ಅಂದರು.

ಅಷ್ಟು ಹೇಳಿ ಎದ್ದು ಒಲೆಯ ಕಡೆ ತಿರುಗಿಕೊಂಡರು. ದೊಡ್ಡ ದೊಡ್ಡ ರೈಲು ಬಿಡ್ತಾರಂತೆ, ಒಂದು ಹಂಡೆ ನೀರು ಕಾಯಿಸೋರಿಲ್ವಾ ಆ ದೇಶದಲ್ಲಿ, ಎಂದು ಒಲೆಗೇ ಬೈದರು. ಅವರು ಅಳುವುದನ್ನು ಮದುವೆಯಾದ ಮೇಲೆ ನಾನು ನೋಡಿದ್ದು ಅದೇ ಮೊದಲು. ದೇವೇಂದ್ರನಿಗಿಂತ ಮುಂಚೆ ಅವರಿಗೂ ಒಂದು ಹೋಗಿತ್ತೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ನೀನು ನನಗೆ ಹೇಳಲಾಗದೆ ಬಿಟ್ಟ ಹಾಗೆ ಅವರೂ ಯಾರಿಗೋ ಬಿಟ್ಟಿರಬಹುದು.

ಫಾಯಿಜಾ, ನನಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅಲ್ಲಿ. ನಿನ್ನ ಕಾಗದ ಓದಿದಾಗಿನಿಂದ ನಾನು ಯೋಚಿಸಿದ್ದು ನನ್ನ ಮಗು, ನಿನ್ನ ಮಗು, ಕಲ್ಲುಮಗು. ನಿನ್ನ ಮೈ ನೆನಪಾಗಲಿಲ್ಲ. ದಿನಾ ಬೆಳಿಗ್ಗೆ ಅತ್ತೆ ನನ್ನ ಬೆನ್ನಿಗೆ ನೀರು ಎರಚುವಾಗಲೂ ನೆನಪಾಗಲಿಲ್ಲ.

ಈಗ ಅತ್ತೆಯ ಹುಕುಂ ಹೀಗಿದೆ. ನೀನು ಊರಿಗೆ ಬರಬೇಕು. ಒಂದೂವರೆ ವರ್ಷವಾಗಿಹೋಯಿತು, ಈಗ ಎಂಥ ಬಾಣಂತನ ಎಂದು ನಾನು ಕೇಳಿದ್ದಕ್ಕೆ, ಅವ್ಳ ಮೈಗೆ ವರ್ಷದ ಲೆಕ್ಕ ಗೊತ್ತಾ, ಅಂದರು. ನಿಮ್ಮಲ್ಲೂ ನಲವತ್ತು ದಿನವೇ ಅಲ್ಲವೇ? ಅಷ್ಟಾಗದಿದ್ದರೆ ಆದಷ್ಟು. ನಿನ್ನ ಉಮ್ಮನಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನಮ್ಮ ಬಾಯಿಂದ ಹೊರಗೆ ಹೋಗುವುದಿಲ್ಲ. ನಮ್ಮದು ಎರಡೇ ಕೋಣೆಯ ಕ್ವಾರ್ಟರ್ಸು, ದೇವೇಂದ್ರ ಆಫೀಸಿನಲ್ಲಿ ಮಲಗುತ್ತಾರಂತೆ.

ಕುಲಾವಿ ಏನು ಮಾಡಲಿ ಎಂದು ಕೇಳಿದ್ದೆ. ಅದು ಹರಕೆಯದ್ದಲ್ಲ. ನಿನ್ನ ಮಗನಿಗೆ ಅವನ ಚಿಕ್ಕಮ್ಮ ಹೆಣೆದದ್ದು. ಬೇಕೆನ್ನಿಸಿದರೆ ತೊಡಿಸು, ಬೇಡವೆನ್ನಿಸಿದರೆ ನಿನ್ನ ಹತ್ತಿರ ಇಟ್ಟುಕೋ. ಆ ದಿನ ನೀನು ಅಂದುಕೊಂಡದ್ದನ್ನು ನಾನು ಮಾಡಲಿಲ್ಲ. ಈಗ ಮಾಡುತ್ತಿದ್ದೇನೆ, ಒಂದು ವರ್ಷ ತಡವಾಗಿ.

ಅತ್ತೆ ಇನ್ನೊಂದು ಕೇಳಿದ್ದಾರೆ. ಅವನಿಗೆ ಹೆಸರು ಇಟ್ಟಿದ್ದೀರಾ?

ನಿನ್ನ
ರಂಜಿ


ತೊಯಾಮಾ
19 ಮೇ 2025

ರಂಜಿ,

ಮುನವ್ವರ್. ಉಬೈದ್ ಇಟ್ಟದ್ದು, ಮಣ್ಣು ಕೊಡುವ ದಿನ. ನಾನು ಆ ಹೆಸರನ್ನು ಬರೆದದ್ದು ಇವತ್ತೇ ಮೊದಲು.

ನಿನ್ನ ಎರಡು ಕಾಗದಗಳೂ ಒಂದೇ ದಿನ ಬಂದವು. ಉಬೈದ್‌ಗೆ ಓದಿ ಹೇಳುತ್ತಿದ್ದೆ. ನೀರು ಹಾಕಿದ್ದು ಯಾರು ಎಂಬಲ್ಲಿಗೆ ಬಂದಾಗ ಅವನು ಎದ್ದು ಹೋಗಿ ಗಾಡಿ ತೊಳೆಯಲು ಶುರುಮಾಡಿದ. ತೊಳೆದ ಗಾಡಿಯನ್ನೇ ಮತ್ತೆ ತೊಳೆದ.

ಹಾಲು ಬಂದಿತ್ತು ರಂಜಿ. ಮಗು ಹೋದ ಮೂರನೇ ದಿನ. ಅದು ಹಾಗೆ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಸಿಂಕಿನ ಮುಂದೆ ನಿಂತುಕೊಂಡಿರುತ್ತಿದ್ದೆ. ಇಷ್ಟು ಬರೆದದ್ದು ಸಾಕು, ಉಳಿದದ್ದನ್ನು ಅಂಜನಮ್ಮನವರಿಗೆ ಹೇಳುತ್ತೇನೆ. ಅವರಿಗೆ ಹೇಳಬಹುದು ಅನ್ನಿಸುತ್ತದೆ.

ಹೋದ ಭಾನುವಾರ ಇಬ್ಬರೂ ಆ ದೂರದ ಮಣ್ಣಿಗೆ ಹೋಗಿಬಂದೆವು. ಪುಟ್ಟ ಜಾಗ, ಪಕ್ಕದಲ್ಲಿ ಬಿದಿರು.

ಜೂನ್ ಮೊದಲ ವಾರಕ್ಕೆ ಟಿಕೆಟ್ ಆಗಿದೆ. ನಿನ್ನೆ ಉಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಉಮ್ಮನ ಎದೆಗೆ ಏನಾದರೂ ಆಯಿತೇನೋ ಎಂದು ಹೆದರಿ ಉಮ್ಮಾ ಉಮ್ಮಾ ಎಂದು ಕರೆದೆ. ನಾನು ಬಾಳೂರಿಗೆ ಹೋಗುವುದು, ಅಂಜನಮ್ಮನವರು ನೀರು ಹಾಕುತ್ತಾರಂತೆ ಎನ್ನುವುದು, ಅದನ್ನೂ ಹೇಳಿದೆ. ಕೊನೆಗೆ ಉಮ್ಮ ಮೂಗು ಒರೆಸಿಕೊಂಡ ಶಬ್ದ ಕೇಳಿಸಿತು.

"ನಾನೂ ಬರ್ತೀನಿ ಬಾಳೂರಿಗೆ. ನೀರು ಬೇಕಾದ್ರೆ ಅವ್ರು ಹಾಕ್ಲಿ. ನಿನ್ ತಲೆ ಒರ್ಸೋದು ನಾನು."

ನಿನ್ನ
ಫಾಯಿಜಾ